ಗುಳ್ಳೆ ಹೋದ ಮೇಲೂ ಉಳಿದ ಉರಿ

ಬಾಗಲಕೋಟೆಯ ನೀರಿನಲ್ಲಿ ಈ ಜಡ್ಡು ಬರಲು ಸಾಧ್ಯವೇ ಇಲ್ಲ ಎಂದವನು ನನ್ನ ಸ್ವಂತ ಸೋದರಮಾವ ಯಮನಪ್ಪ. ಊರ ಹತ್ತಿರದ ದವಾಖಾನೆಯ ಬಾಗಿಲಲ್ಲಿ ನಿಂತು, ಡಾಕ್ಟರಿಗೆ ಕೇಳುವಂತೆ ಹೇಳಿದ: "ಅದು ಸಮುದ್ರದಾಗ ಮುಳುಗೋರಿಗೆ ಬರೂ ಜಡ್ಡ್ರಿ. ನಮ್ಮ ಹಿನ್ನೀರಾಗ ಹೆಂಗ ಬರತೈತಿ? ಇಂವ ಕುಡದಾನ, ಅಷ್ಟ."

ನಾನು ಸ್ಟ್ರೆಚರ್ ಮೇಲೆ ಮಲಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಕಿವಿ ಸರಿಯಾಗಿತ್ತು, ಬಾಯಿ ಸರಿಯಾಗಿತ್ತು. ಸೊಂಟದ ಕೆಳಗೆ ಮಾತ್ರ ನಾನು ಇರಲಿಲ್ಲ.

ನನ್ನಂತೆ ನೀರಿಗಿಳಿದು ಹೊಟ್ಟೆ ಹೊರೆಯುವವರು, ಆಮೇಲೆ ಯಾರೂ ನಂಬದೆ ಒಬ್ಬರೇ ಹಾಸಿಗೆಯಲ್ಲಿ ಬಿದ್ದಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕ್ಷಮೆಯ ಪಾಠ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಬಹುದು. ಕಾಲು ಪೂರ್ತಿಯಾಗಿ ಮರಳಿ ಬರುವುದಿಲ್ಲ ಎಂದು ಗೊತ್ತಾದ ದಿನದಿಂದ ನನಗೆ ಬೇಕಾಗಿದ್ದು ಒಂದೇ: "ಅವತ್ತು ಮಾಳಪ್ಪ ಕುಡದಿರಲಿಲ್ಲ" ಎಂಬ ಮಾತು. ಅದೇ ಬಾಯಿಂದ. ಮಂದಿಯ ಎದುರಿಗೆ.

ನಾನು ಹುನಗುಂದ ತಾಲೂಕಿನವನು. ನಮ್ಮದು ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆ. ಇಡೀ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನೇ. ಬಿ.ಎಸ್ಸಿ. ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಕುರಿ ಹಿಂದೆ ತಿರುಗಿದವನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಅದನ್ನು ನನ್ನ ಕೈಗೆ ತಂದಿಡಲಿಲ್ಲ. ಈಜು ಕಲಿಸಿದವನು ಮಾತ್ರ ಮಾವನೇ, ಅದನ್ನೂ ಹೇಳಿಬಿಡುತ್ತೇನೆ. ಇಳಕಲ್ಲಿನ ಕಡೆ ಕೆಂಪು ಕಲ್ಲು ತೆಗೆದು ಬಿಟ್ಟ ಗಣಿಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಅಂಥ ಒಂದು ಗುಂಡಿಗೆ ನನ್ನನ್ನು ದೂಡಿ, ಮೇಲೆ ಕುಳಿತು ಬೀಡಿ ಸೇದುತ್ತ ಕಲಿಸಿದ. ಬಾವಿಗೆ ಬಿದ್ದ ಮೋಟಾರು ಎತ್ತುವುದು ಅವನ ಕಸುಬು. ಅದರಲ್ಲೇ ಬೆಳೆದು ನೀರಿನೊಳಗಿನ ಕೆಲಸಗಳ ಗುತ್ತಿಗೆದಾರನಾದ.

ಡಿಗ್ರಿ ಆದ ಮೇಲೆ ನಾನು ಕರಾವಳಿಯ ಒಂದು ಡೈವಿಂಗ್ ಶಾಲೆಗೆ ಹೋಗಿ ತರಬೇತಿ ಮುಗಿಸಿದೆ. ಮಾವ ನಕ್ಕ. "ಮುಳುಗೂದು ಕಲಿಯಾಕ ಸಾಲಿ ಬೇಕೇನಲೇ? ಎಮ್ಮಿಗಿ ಯಾರು ಕಲಿಸ್ಯಾರ?" ಆದರೂ ಕೆಲಸಕ್ಕೆ ಕರೆದ. ನಾನೂ ಹೋದೆ.

ಆ ದಿನದ ಕೆಲಸ ಜಾಕ್‌ವೆಲ್ಲಿನದು. ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಕಟ್ಟಿದ ಆಳವಾದ ಬಾವಿ ಅದು. ಅಲ್ಲಿಂದ ಊರಿಗೆ ಕುಡಿಯುವ ನೀರು ಎತ್ತುತ್ತಾರೆ. ನೀರು ಒಳಬರುವ ಜಾಲರಿಗೆ ಜಾಲಿಮುಳ್ಳು, ಹರಿದ ಮೀನುಬಲೆ, ಮುಳುಗಿದ ಊರಿನ ಯಾರದೋ ಬಾಗಿಲ ತೋಳು, ಎಲ್ಲ ಬಂದು ಸಿಕ್ಕಿಕೊಂಡಿದ್ದವು. ಪಂಪು ಬಂದ್ ಇರುವ ಹೊತ್ತಿನಲ್ಲೇ ಬಿಡಿಸಬೇಕು. ಮೇಲೆ ತೆಪ್ಪದಲ್ಲಿ ಕಂಪ್ರೆಸರ್, ಅದರಿಂದ ನನ್ನ ಬಾಯಿಗೆ ಗಾಳಿಯ ಪೈಪು. ನನ್ನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮಾವನ ಕೈಯಲ್ಲಿ. ಬಾವಿಯಿಂದ ಮೋಟಾರು ಎತ್ತುವ ನಮ್ಮ ಕಡೆಯ ಪದ್ಧತಿಯನ್ನೇ ಅವನು ಇಲ್ಲಿಗೂ ತಂದಿದ್ದ. ಮೋಟಾರಿಗೂ ಮನುಷ್ಯನಿಗೂ ಒಂದೇ ಹಗ್ಗ, ಒಂದೇ ಜಗ್ಗು.

ಆಳದಲ್ಲಿ ಬಹಳ ಹೊತ್ತು ಇದ್ದವನು ಒಮ್ಮೆಲೇ ಮೇಲೆ ಬರಬಾರದು. ನಿಂತು ನಿಂತು ಬರಬೇಕು. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ದ್ರವ ಮನುಷ್ಯನ ರಕ್ತವೂ ಆಗಬಹುದು, ಒಮ್ಮೆಲೇ ಮೇಲೆ ಬಂದರೆ ಕರಗಿದ ಅನಿಲ ರಕ್ತದೊಳಗೇ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ ಎಂದು ಡೈವಿಂಗ್ ಶಾಲೆಯಲ್ಲಿ ತಿಳಿಯಿತು. ಹಾಗಾಗಿ ಬರುವಾಗ ದಾರಿಯಲ್ಲಿ ಕಬ್ಬಿಣದ ಏಣಿಯ ಮೆಟ್ಟಿಲು ಹಿಡಿದು ನಿಂತೆ. ಮೇಲಿಂದ ಹಗ್ಗ ಜಗ್ಗಿತು. ಬಿಡಲಿಲ್ಲ. ಮತ್ತೆ ಜಗ್ಗಿತು. ಕೈ ಜಾರಿತು.

"ನಡುವ ನಿಂತು ಜಪ ಮಾಡ್ತಿದ್ದೇನಲೇ?" ಎಂದ ಮಾವ, ನನ್ನನ್ನು ತೆಪ್ಪಕ್ಕೆ ಎಳೆದುಕೊಳ್ಳುತ್ತ. "ಅಲ್ಲಿ ಪಂಪ್ ಚಾಲೂ ಮಾಡ್ರಿ ಅಂತ ಫೋನ್ ಮ್ಯಾಲ ಫೋನ್ ಬರಾಕತ್ತಾವ."

"ಮಾವಾ, ನಿಂತ ನಿಂತ ಬರಬೇಕು. ಸಾಲ್ಯಾಗ ಹೇಳ್ಯಾರ."

"ಸಾಲಿ ಮಾಸ್ತರ ಬಂದು ಜಾಲರಿ ಬಿಡಿಸ್ತಾನೇನು? ಉಸರು ಬಿಟ್ಕೊ, ಮತ್ತ ಇಳಿ."

ಹೀಗೆ ಮತ್ತೆ ಮತ್ತೆ ಇಳಿದೆ, ಮತ್ತೆ ಮತ್ತೆ ಎಳೆಸಿಕೊಂಡೆ. ಮಧ್ಯಾಹ್ನ ತೆಪ್ಪದ ಮೇಲೆ ರೊಟ್ಟಿ ಮುರಿಯುವಾಗ ಬಲಗಡೆಯ ಭುಜದೊಳಗೆ ಯಾರೋ ಅರ ಹಾಕಿ ಉಜ್ಜಿದಂತೆ ನೋವು ಶುರುವಾಯಿತು. ಹೊಟ್ಟೆಯ ಚರ್ಮ ತುರಿಸಿ, ನೀಲಿ ನೀಲಿ ಕಲೆಯಾಗಿತ್ತು. ಮಾವ ನೋಡಿದ. ಗಾಬರಿಯಾಗಲಿಲ್ಲ.

"ಗಾಳಿ ಹಿಡದೈತಿ. ಇದಕ್ಕ ನೀರ ಮದ್ದು. ಇನ್ನೊಮ್ಮಿ ಕೆಳಗ ಹೋಗಿ ಬಾ, ನೋವು ಅಲ್ಲೇ ಬಿಡತೈತಿ."

ನಮ್ಮ ಕಡೆ ಬಾವಿಗಿಳಿಯುವ ಮಂದಿಯಲ್ಲಿ ಹಳೆಯ ನಂಬಿಕೆ ಇದು. ಶಾಲೆಯಲ್ಲಿ ಇದನ್ನು ಮಾಡಲೇಬಾರದು ಎಂದಿದ್ದರು. ಆದರೆ ಆ ನೋವಿನಲ್ಲಿ ಶಾಲೆ ದೂರವಿತ್ತು, ಮಾವ ಹತ್ತಿರವಿದ್ದ. ಇಳಿದೆ. ಕೆಳಗೆ ಹೋದಂತೆ ನೋವು ಖರೆಯೇ ಬಿಟ್ಟಿತು! ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯುವುದು ಇದಕ್ಕೇ. ಆಳದ ಒತ್ತಡಕ್ಕೆ ರಕ್ತದೊಳಗಿನ ಗುಳ್ಳೆಗಳು ಕುಗ್ಗುತ್ತವೆ, ಆರಾಮಾಯಿತು ಅನ್ನಿಸುತ್ತದೆ. ಆರಾಮಾಯಿತಲ್ಲ ಎಂದು ಉಳಿದ ಜಾಲರಿಯನ್ನೂ ಬಿಡಿಸಿದೆ. ಮಾವನ ಗುತ್ತಿಗೆ ಪೂರಾ ಆಯಿತು. ಒಂದೇ ಜಗ್ಗಿಗೆ ನನ್ನನ್ನು ಮೇಲೆ ತಂದ.

ದಂಡೆಗೆ ಬಂದು ಏಳಲು ಹೋದೆ. ಕಾಲುಗಳು ತೋಯ್ದ ಗೋಣಿಚೀಲದಂತೆ ಬಿದ್ದೇ ಇದ್ದವು.

ಆಗಲೇ ದೊಡ್ಡಾಸ್ಪತ್ರೆಗೆ ಒಯ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಲಸದ ಜಾಗದಲ್ಲಿ ಆದ ಅನಾಹುತ ಹೊರಗೆ ಬಂದರೆ ಮುಂದಿನ ಗುತ್ತಿಗೆ ಸಿಗುವುದಿಲ್ಲ. ಮಾವ ನನ್ನನ್ನು ಜೀಪಿನಲ್ಲಿ ಹಾಕಿ ಮನೆಗೆ ತಂದ. "ದಣದಾನ, ಮಲಗಲಿ" ಎಂದು ಅವ್ವನಿಗೆ ಒಪ್ಪಿಸಿ ಹೋದ.

ಅವ್ವ ಮಾಡಬೇಕಾದ್ದನ್ನೇ ಮಾಡಿದಳು. ಹಂಚಿನ ಮೇಲೆ ಉಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ತೊಡೆಗೆ ಕಾವು ಕೊಟ್ಟಳು. "ಬಿಸಿ ಹತ್ತಾಕತ್ತೈತೇನೋ?" ಎಂದು ಕೇಳಿದಳು. "ಇಲ್ಲವ್ವಾ, ಇನ್ನಷ್ಟು ಕೊಡು" ಎಂದೆ. ಅವಳು ಮತ್ತೆ ಉಪ್ಪು ಕಾಯಿಸಿ ತಂದಳು. ಚರ್ಮ ಸುಟ್ಟ ವಾಸನೆ ಇಬ್ಬರಿಗೂ ಒಟ್ಟಿಗೇ ಬಂತು. ಗಂಟನ್ನು ಬಿಸಾಕಿ ಅವಳು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ನನ್ನ ತೊಡೆಯಲ್ಲಿ ಬೊಬ್ಬೆ ಎದ್ದಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ.

ಅವಳ ಕೂಗಿಗೆ ಮಾವ ಮತ್ತೆ ಜೀಪು ತಂದ. ದವಾಖಾನೆಯಲ್ಲಿ ನಾನೇ ಡಾಕ್ಟರಿಗೆ ಹೇಳಿದೆ, ಇದು ಆಳದಿಂದ ಬೇಗ ಮೇಲೆ ಬಂದವರಿಗೆ ಬರುವ ಜಡ್ಡು ಎಂದು. ಆಗಲೇ ಮಾವ ಬಾಗಿಲಲ್ಲಿ ನಿಂತು ಕುಡಿತದ ಮಾತು ಆಡಿದ್ದು. ಡಾಕ್ಟರ್ ನನ್ನನ್ನೂ ನೋಡಿದರು, ಬಿಳಿ ಅಂಗಿಯ ಗುತ್ತಿಗೆದಾರನನ್ನೂ ನೋಡಿದರು. ಅಂಗಿಯನ್ನು ನಂಬಿದರು. ಸಲಾಯಿನ್ ಏರಿಸಿ, ನಶೆ ಇಳಿಯುವವರೆಗೂ ಮಲಗಿಸಿರಿ ಎಂದರು. ನಾನು ಜೀವನದಲ್ಲಿ ಒಂದು ಗುಟುಕು ಕುಡಿದವನಲ್ಲ.

ಇಳಿಯಲು ನಶೆ ಇದ್ದರೆ ತಾನೆ! ಒಂದು ರಾತ್ರಿ ಹೋಯಿತು, ಒಂದು ಹಗಲು ಹೋಯಿತು. ಹೊಟ್ಟೆ ಕಲ್ಲಿನಂತೆ ಉಬ್ಬಿತು, ಮೂತ್ರ ಬರಲಿಲ್ಲ. ಕಡೆಗೆ ಅವ್ವ ಯಾರನ್ನೂ ಕೇಳದೆ, ಬಾಡಿಗೆ ಗಾಡಿ ಮಾಡಿ ನನ್ನನ್ನು ಬಾಗಲಕೋಟೆಗೆ ತಂದಳು.

ಅಲ್ಲಿನ ಆಸ್ಪತ್ರೆಯ ಮೊಗಸಾಲೆ ತುಂಬಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಕಲಾದಗಿಯ ಒಬ್ಬ ಅಜ್ಜ, ಮಂಡಿನೋವಿಗೆ ಬಂದವನು.

"ಏನಾಗೈತಿ ತಮ್ಮಾ?"

"ನೀರಾಗ ಇಳದಿದ್ದೆ ಅಜ್ಜಾ. ಕಾಲು ಹೋದವು."

ಅಜ್ಜ ಬಗ್ಗಿ ನನ್ನ ಕಾಲು ನೋಡಿದ. "ಎಲ್ಲಿ ಹೋಗ್ಯಾವ? ಇಲ್ಲೇ ಅದಾವಲ್ಲೋ. ನನ್ನವಕಿಂತ ಚೊಲೋ ಅದಾವ."

ಅವ್ವ ನಕ್ಕಳು. ಆಮೇಲೆ ಅದೇ ನಗೆಯಲ್ಲಿ ಅತ್ತಳು. ಅಜ್ಜ ಚೀಲದಿಂದ ಒಂದು ಚಿಕ್ಕು ತೆಗೆದು ಅವಳ ಕೈಗಿಟ್ಟ. ಆತನ ಹೆಸರು ನನಗೆ ಗೊತ್ತಿಲ್ಲ. ಆತನ ಸರದಿ ನಮಗಿಂತ ಮುಂಚೆ ಬಂತು. "ಮೊದಲ ಈ ಹುಡುಗನ್ನ ಒಯ್ಯಿರಿ, ನಾ ಕುಂತಿರತೇನಿ" ಎಂದು ಬಿಟ್ಟುಕೊಟ್ಟ.

ಒಳಗಿದ್ದವರು ಹೊಸದಾಗಿ ಬಂದ ಡಾಕ್ಟರ್ ಮೇಡಂ. ತೊಡೆಯ ಸುಟ್ಟ ಗಾಯ ನೋಡಿ, ಹಿಂದಿನ ದವಾಖಾನೆಯ ಚೀಟಿ ಓದಿ, ಹುಬ್ಬು ಗಂಟಿಕ್ಕಿದರು.

"ಕುಡದಿದ್ರು ಅಂತ ಬರದಾರಲ್ಲ?"

"ನಾ ಕುಡಿಯೂದಿಲ್ರಿ ಮೇಡಂ."

"ಹಂಗಾದ್ರ, ಏನ್ ಕೆಲಸ ಮಾಡ್ತೀರಿ ನೀವು?"

ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು. ನಾನು ಹೇಳುತ್ತ ಹೋದೆ. ಅವರು ಅರ್ಧಕ್ಕೇ ಎದ್ದು ಫೋನ್ ಹಿಡಿದರು. ಸ್ವಲ್ಪ ಹೊತ್ತಿಗೆ ನನ್ನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಬಂತು. ಒತ್ತಡದ ಕೋಣೆ ಇರುವ ಆಸ್ಪತ್ರೆ ಕರಾವಳಿಯಲ್ಲಿತ್ತು. ಅಲ್ಲಿಗೆ ಹೋಗಲು ಘಟ್ಟ ಹತ್ತಿ ಇಳಿಯಬೇಕು. ಎತ್ತರಕ್ಕೆ ಹೋದರೆ ಗುಳ್ಳೆಗಳು ಮತ್ತೆ ಹಿಗ್ಗುತ್ತವೆ. "ದಾರ್ಯಾಗ ಎಲ್ಲೂ ಮಾಸ್ಕ್ ತಗೀಬ್ಯಾಡ್ರಿ. ಚಹಾ ಕುಡಿಯಾಕೂ ಬ್ಯಾಡ," ಎಂದು ಅವ್ವನಿಂದ ಆಣೆ ಮಾಡಿಸಿಕೊಂಡರು. ಅವ್ವ ಇಡೀ ದಾರಿ ತನ್ನ ಅಂಗೈಯಿಂದ ಆ ಮಾಸ್ಕನ್ನು ಒತ್ತಿ ಹಿಡಿದೇ ಕುಳಿತಳು. ನನ್ನ ಕೆನ್ನೆಯ ಮೇಲೆ ಅವಳ ಬಳೆಯ ಗುರುತು ಮೂಡಿತ್ತು.

ಒತ್ತಡದ ಕೋಣೆ ಅಂದರೆ ಅಡ್ಡ ಮಲಗಿಸಿದ ದೊಡ್ಡ ಕಬ್ಬಿಣದ ಪೀಪಾಯಿ, ಪಕ್ಕದಲ್ಲಿ ದಪ್ಪ ಗಾಜಿನ ಕಿಟಕಿ. ಒಳಗೆ ಆಳದ ಒತ್ತಡವನ್ನೇ ಕೊಟ್ಟು ಗುಳ್ಳೆ ಕುಗ್ಗಿಸುತ್ತಾರೆ, ಆಮ್ಲಜನಕ ಉಸಿರಾಡಿಸುತ್ತ ಆ ಒತ್ತಡವನ್ನು ನಿಧಾನವಾಗಿ ಇಳಿಸುತ್ತಾರೆ. ನನ್ನನ್ನು ಒಳಗೆ ಹಾಕಿ ಬಾಗಿಲು ಬಿಗಿದಾಗ ಅವ್ವ ಹೊರಗೆ ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದಳಂತೆ. "ಮಗನ್ನ ಡಬ್ಬಿಯಾಗ ಹಾಕಿ ಮುಚ್ಚೀರಲ್ಲ, ಇಂವೇನು ಉಪ್ಪಿನಕಾಯಿಯೇನ್ರಿ?" ಕಿಟಕಿಯಲ್ಲಿ ಅವಳ ಮುಖ ಕಂಡಾಗ ನಾನು ಕೈ ಎತ್ತಿದೆ. ಎರಡನೆಯ ಸಲ ಒಳಗೆ ಹೋದಾಗ ಬಲಗಾಲಿನ ಹೆಬ್ಬೆರಳು ಅಲುಗಿತು. ಎಡಗಾಲು ಹಟ ಹಿಡಿದಿತ್ತು.

ಅಲ್ಲಿನ ಹಿರಿಯ ಡಾಕ್ಟರನ್ನು ಕೇಳಿದೆ, ಗುಳ್ಳೆಗಳೆಲ್ಲ ಹೋದವೆ ಎಂದು.

"ಹೆಚ್ಚುಕಡಿಮೆ ಹೋಗಿವೆ," ಎಂದರು.

"ಮತ್ತ ಕಾಲು ಯಾಕ ಬರವಲ್ಲದು ಸರ್?"

ಅವರು ನನ್ನ ಮಂಚದ ಅಂಚಿನಲ್ಲಿ ಕುಳಿತರು. ಡಾಕ್ಟರುಗಳು ಕೂರುವುದು ಕಡಿಮೆ, ಅದಕ್ಕೇ ನೆನಪಿದೆ. "ಗುಳ್ಳೆ ಹೋಗುವಾಗ ರಕ್ತನಾಳದ ಒಳಮೈ ಗೀರಿ ಹೋಗುತ್ತದೆ. ಯಾರೋ ಒಳಗೆ ನುಗ್ಗಿದರು ಅಂತ ಮೈ ತನ್ನ ಬಿಳಿ ರಕ್ತಕಣಗಳನ್ನು ಅಲ್ಲಿಗೆ ಅಟ್ಟುತ್ತದೆ. ನುಗ್ಗಿದವ ಓಡಿಹೋಗಿರುತ್ತಾನೆ, ಆದರೆ ಬಡಿದಾಟ ನಿಲ್ಲುವುದಿಲ್ಲ. ಊತ ಬರುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಉರಿಯೂತ ಅನ್ನುವುದು ಇದಕ್ಕೇ. ನಿಮ್ಮ ಬೆನ್ನುಹುರಿಯಲ್ಲಿ ಈಗ ಇರುವುದು ಗುಳ್ಳೆಯಲ್ಲ, ಅದು ಎಬ್ಬಿಸಿ ಹೋದ ಉರಿ. ಇನ್ನೂ ಬೇಗ ಬಂದಿದ್ದರೆ ಇಷ್ಟು ಹಬ್ಬುತ್ತಿರಲಿಲ್ಲ."

ಬೇಗ ಬಂದಿದ್ದರೆ. ಆ ಮಾತನ್ನು ಹಾಸಿಗೆಯಲ್ಲಿ ಬಿದ್ದು ಎಷ್ಟು ಸಲ ಜಗಿದೆನೋ. ಹಗ್ಗ ಎಳೆದದ್ದು ಮಾವನ ಅಜ್ಞಾನ ಎಂದೇ ಇಟ್ಟುಕೊಳ್ಳೋಣ. ಮತ್ತೆ ನೀರಿಗಿಳಿಸಿದ್ದೂ ಅಜ್ಞಾನ. ಆದರೆ ಕುಡಿದಿದ್ದ ಎಂದದ್ದು ಅಜ್ಞಾನವಲ್ಲ. ನಾನು ಬೆಳಗಿನಿಂದ ಅವನ ಕಣ್ಣೆದುರೇ ನೀರಿನಲ್ಲಿದ್ದೆ. ಆ ಒಂದು ಮಾತು ಒಂದು ರಾತ್ರಿ, ಒಂದು ಹಗಲು ತಿಂದಿತು. ನನ್ನ ಎಡಗಾಲನ್ನು ತಿಂದಿದ್ದು ಅದೇ ಮಾತು.

ಉರಿಯೂತ ತಗ್ಗಲು ಗುಳಿಗೆ ಕೊಟ್ಟರು. ಸಿಟ್ಟಿಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಒಳ್ಳೆಯದೂ ಆಯಿತು, ಸುಳ್ಳು ಹೇಳಬಾರದು. ಮೂತ್ರಕ್ಕೆ ಹಾಕಿದ್ದ ನಳಿಗೆ ತೆಗೆದ ಮೇಲೆ ಮೊದಲ ಸಲ ತಾನಾಗಿ ಮೂತ್ರ ಬಂದ ದಿನ ಅವ್ವ ಹೊರಗೆ ಓಡಿ ಸಕ್ಕರೆ ತಂದು ವಾರ್ಡಿಗೆಲ್ಲ ಹಂಚಿದಳು. "ಏನಮ್ಮಾ, ಮೊಮ್ಮಗ ಹುಟ್ಟಿದನಾ?" ಎಂದು ಎದುರು ಮಂಚದವರು ಕೇಳಿದರೆ, "ಅದಕ್ಕಿಂತ ದೊಡ್ಡದ್ರಿ" ಎಂದಳು. ಊರಿಗೆ ಬಂದ ಮೇಲೆ ಬಾದಾಮಿಯಲ್ಲಿ ಅಕ್ಕನ ಮನೆಯಲ್ಲಿದ್ದು ನಡೆಯುವುದನ್ನು ಹೊಸದಾಗಿ ಕಲಿತೆ. ಹೊಂಡದ ಕಲ್ಲುಮೆಟ್ಟಿಲ ಬಳಿ ಒಂದು ದಿನ ಕೋತಿ ನನ್ನ ಕೋಲು ಕಸಿದುಕೊಂಡು ಗೋಡೆ ಏರಿತು. ಬೈಯುತ್ತ ಬೈಯುತ್ತ ಗೋಡೆಯವರೆಗೆ ಹೋದವನಿಗೆ, ಕೋಲಿಲ್ಲದೆ ನಡೆದು ಬಂದಿದ್ದೇನೆ ಎಂದು ಅಲ್ಲಿ ಹೋದ ಮೇಲೆ ಹೊಳೆಯಿತು.

ಎಡಗಾಲು ಇವತ್ತಿಗೂ ಎಳೆಯುತ್ತದೆ. ಚಳಿಗೆ ತೊಡೆ ಉರಿಯುತ್ತದೆ. ನೀರಿಗೆ ಇನ್ನು ಇಳಿಯುವಂತಿಲ್ಲ ಎಂದು ಹೇಳಿದ್ದಾರೆ.

ಮಾವ ಒಂದು ಡಜನ್ ಬಾಳೆಹಣ್ಣು ಹಿಡಿದು ನೋಡಲು ಬಂದಿದ್ದ. "ಗುಳ್ಳಿ ಎಲ್ಲಾ ಹೋದ್ವಂತಲ್ಲೋ. ಮತ್ತ್ಯಾಕ ಕುಂಟತಿ? ಮನಸಿನ್ಯಾಗ ಇರತೈತಿ ಅದು." ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕೈ ಅದುಮಿದಳು. ಅವನು ಹೋದ ಮೇಲೆ, "ಏನೂ ಅನಬ್ಯಾಡೋ. ನನಗ ತವರಮನಿ ಅಂತ ಇರಾಂವ ಅಂವೊಬ್ಬ" ಎಂದಳು. ಸುಮ್ಮನಾದೆ. ಆದರೆ ಕುಡಿತದ ಮಾತು ಸುಮ್ಮನಾಗಲಿಲ್ಲ. ಇಳಕಲ್ಲಿನಲ್ಲಿ ನನಗೆ ನೋಡಿ ಬಂದಿದ್ದ ಹುಡುಗಿಯ ಮನೆಯವರು "ಕುಡುಕಗ ಕೊಡೂದಿಲ್ಲ" ಎಂದು ಹೇಳಿ ಕಳಿಸಿದರು. ಕುಂಟನಿಗೆ ಕೊಡುವುದಿಲ್ಲ ಎಂದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ.

ನಾನು ಮತ್ತೆ ಓದಲು ಕುಳಿತೆ. ನೀರಿಗಿಳಿಯಲು ಆಗದಿದ್ದರೇನು, ಇಳಿಯುವವರನ್ನು ಕಾಯುವುದನ್ನು ಕಲಿತೆ. ನನಗೆ ಕಲಿಸಿದ ಡೈವಿಂಗ್ ಶಾಲೆಯೇ ಸುರಕ್ಷತೆಯ ಪಾಠ ಹೇಳಲು ನನ್ನನ್ನು ತೆಗೆದುಕೊಂಡಿತು. ಡಿಗ್ರಿ ಇದ್ದದ್ದು ಅಲ್ಲಿ ಕೆಲಸಕ್ಕೆ ಬಂತು. ಜಾಕ್‌ವೆಲ್ ನಡೆಸುವ ನೀರು ಸರಬರಾಜಿನವರಿಗೆ ನಾನು ಬರೆದ ದೂರಿನ ಮೇಲೆ ಬಾಗಲಕೋಟೆಯ ಡಾಕ್ಟರ್ ಮೇಡಂ ಬಂದು ಸಾಕ್ಷಿ ಹೇಳಿದ್ದರು. ಮಾವನಿಗೆ ಶಿಕ್ಷೆಯೇನೂ ಆಗಲಿಲ್ಲ. ಆದರೆ ಅವರಿಂದ ಒಂದು ಹೊಸ ಷರತ್ತು ಬಂತು: ಸುರಕ್ಷತೆಯ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯದ ಗುತ್ತಿಗೆದಾರನಿಗೆ ನೀರಿನೊಳಗಿನ ಕೆಲಸ ಇಲ್ಲ. ತರಬೇತಿ ನಮ್ಮ ಡೈವಿಂಗ್ ಶಾಲೆಯದು, ಬಾಗಲಕೋಟೆಯಲ್ಲಿ. ಪಾಠ ಹೇಳುವವನು ನಾನು.

ಮಾವ ಹಿಂದಿನ ಬೆಂಚಿನಲ್ಲಿ ಬಂದು ಕುಳಿತ. ನಾನು ಹಾಜರಿ ಕರೆದೆ, "ಯಮನಪ್ಪನವರು?" ಅವನು ಅಂಗಿಯ ತೋಳು ಮಡಚಿಕೊಳ್ಳತೊಡಗಿದ. ಇನ್ನೊಮ್ಮೆ ಕರೆದೆ. "ನಾ ಇಲ್ಲೇ ಅದೇನ್ರಿ," ಎಂದ. ಅಳಿಯನಿಗೆ ಅವನು ಹಚ್ಚಿದ ಮೊದಲ "ರಿ" ಅದು. ಬೆಲ್ಲ ತಿಂದಂತಾಯಿತು.

ಕೊನೆಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಬಾಯಿಪರೀಕ್ಷೆ. ಅವನಿಗೆ ಕೇಳಿದೆ: "ಮೇಲೆ ಬಂದ ಮನುಷ್ಯ ಭುಜ ನೋವು ಅಂತಾನೆ. ಏನು ಮಾಡ್ತೀರಿ?"

"ಮತ್ತ ಕೆಳಗ ಇಳಸ್ತೇನಿ."

ಇಡೀ ಪಾಠ ಕೇಳಿದ ಮೇಲೂ! ಫೇಲು ಮಾಡಿದೆ.

ಮುಂದಿನ ತರಬೇತಿಗೆ ಅವನು ಅವ್ವನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ. ವಶೀಲಿಗೆ. ಅವ್ವ ಹೋಳಿಗೆಯ ಡಬ್ಬಿ ಹಿಡಿದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ಅವಳ ಮುಖ ನೋಡಿದರೆ ನಾನು ಸೋಲುತ್ತೇನೆ ಎಂದು ಆ ಕಡೆ ನೋಡಲಿಲ್ಲ.

"ಮೇಲೆ ಬಂದವನಿಗೆ ಭುಜ ನೋವು. ಏನು ಮಾಡ್ತೀರಿ?"

ಮಾವ ಎದ್ದು ನಿಂತ. "ಅಡ್ಡ ಮಲಗಸ್ತೇನ್ರಿ. ಆಕ್ಸಿಜನ್ ಹಚ್ಚತೇನಿ. ನೀರಿಗಿ ತಿರುಗಿ ಇಳಸೂದಿಲ್ಲ. ಒತ್ತಡದ ಕ್ವಾಣಿ ಇರೂ ದವಾಖಾನಿಗಿ ಫೋನ್ ಹಚ್ಚಿ ಲಗೂನ ಕಳಸ್ತೇನಿ."

"ನೋವು ತಾನಾಗೇ ಬಿಟ್ಟರೆ?"

"ಬಿಟ್ರೂ ಕಳಸ್ತೇನಿ. ಗುಳ್ಳಿ ಹೋದ್ರೂ ಒಳಗ ಉರಿಯೂತ ಇರತೈತಿ."

"ಎಷ್ಟು ದಿನ ಇರುತ್ತದೆ?"

"ಕೆಲವರಿಗಿ ಆರತೈತಿ. ಕೆಲವರಿಗಿ… ಅದು ಮಾಡಿದ ಗಾಯ ಜೀವ ಇರೂತನಕ."

ಇಷ್ಟಕ್ಕೆ ಪಾಸು. ನಿಯಮದ ಪ್ರಕಾರ ನಾನು ಕೂರಿಸಬೇಕಿತ್ತು. ಕೂರಿಸಲಿಲ್ಲ.

"ಇನ್ನೊಂದು ಪ್ರಶ್ನೆ. ಕಾಲು ಬಿದ್ದವನು ಕುಡಿದಿದ್ದಾನೆ ಅಂತ ಡಾಕ್ಟರಿಗೆ ಹೇಳಿದರೆ ಏನಾಗುತ್ತದೆ?"

ಅಲ್ಲಿದ್ದ ಗುತ್ತಿಗೆದಾರರಲ್ಲಿ ಆ ಸುದ್ದಿ ಕೇಳದವರು ಯಾರೂ ಇರಲಿಲ್ಲ. ಮಾವ ಬಾಗಿಲ ಕಡೆ, ತಂಗಿಯ ಕಡೆ ನೋಡಿದ. ಅವಳು ಡಬ್ಬಿಯ ಮುಚ್ಚಳ ನೋಡುತ್ತಿದ್ದಳು.

"ತಡಾ ಆಗತೈತಿ," ಎಂದ.

"ಅವತ್ತು ಜಾಕ್‌ವೆಲ್ಲಿನಲ್ಲಿ ಇಳಿದವನು ಕುಡಿದಿದ್ದನೇ?"

"ಮಾಳ್ಯಾ…"

"ಉತ್ತರ ಹೇಳ್ರಿ, ಯಮನಪ್ಪನವರ."

"ಇಲ್ಲ. ಕುಡದಿರಲಿಲ್ಲ. ನಾ ಸುಳ್ಳ ಹೇಳಿದೆ."

ಪ್ರಮಾಣಪತ್ರಕ್ಕೆ ಅಲ್ಲೇ ಸಹಿ ಹಾಕಿದೆ. ಎಡಗಾಲು ಎಳೆಯುತ್ತ, ಬೇಕೆಂದೇ ನಿಧಾನವಾಗಿ, ಹಿಂದಿನ ಬೆಂಚಿನವರೆಗೆ ನಡೆದು ಹೋಗಿ ಅವನ ಕೈಗೆ ಕೊಟ್ಟೆ. ಅವನು ತಗೊಂಡ. ತಲೆ ಎತ್ತಲಿಲ್ಲ.

ಹೊರಗೆ ಬರುವಾಗ ಅವ್ವನ ಎದುರು ನಿಂತೆ. ತವರುಮನೆಯವನ ಮರ್ಯಾದೆ ಕಳೆದೆ ಎಂದು ಬೈಯುತ್ತಾಳೆಂದುಕೊಂಡಿದ್ದೆ. ಅವಳು ಡಬ್ಬಿ ನನ್ನ ಕೈಗಿಟ್ಟು, ಒಳಗೆ ಒಬ್ಬನೇ ಕುಳಿತಿದ್ದ ತನ್ನ ಅಣ್ಣನ ಕಡೆ ಒಮ್ಮೆ ನೋಡಿ, ಹೇಳಿದಳು:

"ಇನ್ನೊಮ್ಮಿ ಫೇಲ್ ಮಾಡಬೇಕಾಗಿತ್ತಲ್ಲೋ ಅಂವನ್ನ."